ಮುನಿಯಬೇಡ ಎಂದು ಯಾರಿಗೆ ಹೇಳುವುದು? ಮಲೆನಾಡಿನ ಒಂದು ತಂತ್ರಾಂಶ ಬಳಗ ನೀತಿ ಸಂಹಿತೆ ಬರೆದ ಪ್ರಕರಣ

ಅಡಿಕೆ ತೋಟದ ಲೆಕ್ಕಪತ್ರಕ್ಕೆಂದು ಶಿವಮೊಗ್ಗ ಜಿಲ್ಲೆಯ ಕೆಲವರು ಸೇರಿ ಒಂದು ಮುಕ್ತ ತಂತ್ರಾಂಶವನ್ನು ಕಟ್ಟುತ್ತಿದ್ದೇವೆ. ಆ ಬಳಗದಲ್ಲಿ ಒಬ್ಬ ಹಿರಿಯರು ಆಡಿದ ಒಂದು ಮಾತು, ಅದರಿಂದ ಎದ್ದ ಜಗಳ, ಜಗಳದ ನಡುವೆಯೇ ಬರೆಯಬೇಕಾಗಿ ಬಂದ ನೀತಿ ಸಂಹಿತೆ, ಅದರಲ್ಲಿ ಧರ್ಮದ ಮಾತಿಗೆ ಎಲ್ಲಿ ಜಾಗ ಎಂಬ ಪ್ರಶ್ನೆ: ಈ ಪ್ರಕರಣದ ವಸ್ತು ಇಷ್ಟು. ಸಭೆಗಳಲ್ಲಿ ನಡೆದದ್ದನ್ನು ಬರೆದಿಡುವ ಕೆಲಸ ನನ್ನದಾಗಿತ್ತು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಯಾರ ಹೆಸರನ್ನೂ ಹೇಳದೆ ಬರೆಯುತ್ತಿದ್ದೇನೆ. ಬೇರೆ ಬಳಗಗಳು ಇದೇ ಕೆಲಸಕ್ಕೆ ಕುಳಿತಾಗ ನಾವು ಎಲ್ಲಿ ಸಿಕ್ಕಿಕೊಂಡೆವು, ಎಲ್ಲಿಂದ ಬಿಡಿಸಿಕೊಂಡೆವು ಎಂಬುದು ಅವರಿಗೆ ತಿಳಿದಿರಲಿ ಎಂಬುದೇ ನನ್ನ ಉದ್ದೇಶ.

ತಂತ್ರಾಂಶ ಮತ್ತು ಬಳಗ

ತಂತ್ರಾಂಶದ ಕೆಲಸ ಸರಳ. ಯಾವ ದಿನ ಯಾವ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲಾಯಿತು, ಮೈಲುತುತ್ತ ಮತ್ತು ಸುಣ್ಣಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಕೊನೆ (ಅಡಿಕೆಯ ಗೊನೆ) ಇಳಿಯಿತು, ಸುಲಿದು ಬೇಯಿಸಿ ಒಣಗಿಸಿದ ಮೇಲೆ ರಾಶಿ, ಸರಕು, ಬೆಟ್ಟೆ, ಗೊರಬಲು ಎಂಬ ದರ್ಜೆಗಳಲ್ಲಿ ಯಾವುದು ಎಷ್ಟು, ಮಂಡಿಯಲ್ಲಿ ಯಾವ ಧಾರಣೆ ಸಿಕ್ಕಿತು ಎಂಬುದನ್ನು ಮೊಬೈಲಿನಲ್ಲಿ ಬರೆದಿಡಬಹುದು. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಎಷ್ಟೋ ಮನೆಗಳಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಆದ್ದರಿಂದ ಮಾಹಿತಿಯೆಲ್ಲ ಮೊಬೈಲಿನೊಳಗೇ ಇರಬೇಕು, ನೆಟ್‌ವರ್ಕ್ ಸಿಕ್ಕಾಗ ಪ್ರತಿ ತೆಗೆದುಕೊಂಡರೆ ಸಾಕು ಎಂದು ಮೊದಲೇ ತೀರ್ಮಾನಿಸಿದ್ದೆವು. ಅದಕ್ಕೆ ಬಳಸಿಕೊಂಡದ್ದು ಎಸ್‌ಕ್ಯೂಎಲೈಟ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶ. ಇಡೀ ದತ್ತಸಂಚಯವನ್ನು ಒಂದೇ ಕಡತದಲ್ಲಿ ಇಡುವ ಈ ತಂತ್ರಾಂಶ ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲೂ ಐಫೋನಿನಲ್ಲೂ ಇದೆ. ಇದರ ಮಾತು ಮುಂದೆ ಬೇರೆಯೇ ಕಾರಣಕ್ಕೆ ಬರುತ್ತದೆ.

ಬಳಗದಲ್ಲಿ ತೋಟದ ಮಾಲೀಕರಿದ್ದಾರೆ, ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನಿಂದ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುವವರಿದ್ದಾರೆ. ದುರ್ಗಿಗುಡಿಯಲ್ಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆಗಾಗ ಸೇರುತ್ತೇವೆ. ಉಳಿದ ಮಾತೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ್ತು ಕೋಡ್ ಇಟ್ಟಿರುವ ತಾಣದಲ್ಲಿ ನಡೆಯುತ್ತದೆ. ಬರುವ ಬದಲಾವಣೆಗಳನ್ನು ಪರಿಶೀಲಿಸಿ ಒಪ್ಪುವ ಅಧಿಕಾರ ಮುಖ್ಯವಾಗಿ ಒಬ್ಬರ ಕೈಯಲ್ಲಿತ್ತು. ಅವರು ತೀರ್ಥಹಳ್ಳಿ ಕಡೆಯ ನಿವೃತ್ತ ಇಂಜಿನಿಯರ್, ತೋಟದ ಮಾಲೀಕರು, ವಚನಗಳನ್ನು ನಿತ್ಯ ಓದುವವರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು. ತಂತ್ರಾಂಶದ ಅರ್ಧಕ್ಕಿಂತ ಹೆಚ್ಚು ಕೋಡ್ ಅವರೇ ಬರೆದದ್ದು ಎಂಬುದನ್ನು ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಆ ಮಾತು

ಶಿವಮೊಗ್ಗದ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಬಳಗಕ್ಕೆ ಸೇರಿದಳು. ಮೊದಲ ದಿನ ತನ್ನನ್ನು ಪರಿಚಯಿಸಿಕೊಳ್ಳುವಾಗ, "ನಮ್ಮ ಅಪ್ಪ ಕೊನೆಗಾರರು, ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ" ಎಂದು ನೇರವಾಗಿ ಹೇಳಿದ್ದಳು. ಎತ್ತರದ ಮರದ ತುದಿಗೆ ಏರಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ ಕೊನೆ ಇಳಿಸುವ ಕೆಲಸವೆಂದರೆ ಏನೆಂಬುದು ಮಲೆನಾಡಿನವರಿಗೆ ಗೊತ್ತು. ಆ ಕಸುಬಿನವರು ಸಿಗುವುದೇ ಕಷ್ಟವಾಗಿರುವ ಕಾಲ ಇದು.

ನಮ್ಮ ತಂತ್ರಾಂಶದಲ್ಲಿ ಕೂಲಿಗೆ ಒಂದೇ ಅಂಕಣವಿತ್ತು. ಒಟ್ಟು ಮೊತ್ತ ಬರೆದರೆ ಮುಗಿಯಿತು. ಅವಳು ಅದನ್ನು ಒಡೆದಳು: ಕೊನೆ ಕೊಯ್ಲಿಗೆ ಬೇರೆ, ಸುಲಿಯುವುದಕ್ಕೆ ಬೇರೆ, ಔಷಧಿ ಹೊಡೆಯುವುದಕ್ಕೆ ಬೇರೆ. ಜೊತೆಗೆ ಕೆಲಸ ಮಾಡಿದವರು ತಮ್ಮ ಲೆಕ್ಕವನ್ನು ತಾವೇ ನೋಡಬಹುದಾದ ಒಂದು ಪುಟವನ್ನೂ ಸೇರಿಸಿದಳು. ಸುಗ್ಗಿಯ ಕೊನೆಯಲ್ಲಿ ಎಷ್ಟು ದಿನದ ಕೂಲಿ ಬಂತು, ಮುಂಗಡ ಎಷ್ಟು ಕಳೆಯಿತು ಎಂಬ ತಕರಾರು ಪ್ರತಿವರ್ಷ ಎಷ್ಟೋ ಅಂಗಳಗಳಲ್ಲಿ ಏಳುವುದರಿಂದ ಇದು ನಿಜಕ್ಕೂ ಬೇಕಾಗಿದ್ದ ಕೆಲಸ. ಕೋಡಿನಲ್ಲಿ ದೋಷಗಳಿದ್ದವು. ಹಳೆಯ ದತ್ತಾಂಶವನ್ನು ಹೊಸ ಅಂಕಣಗಳಿಗೆ ವರ್ಗಾಯಿಸುವಾಗ ಕೆಲವು ದಾಖಲೆಗಳು ಎರಡೆರಡು ಸಲ ಬರುತ್ತಿದ್ದವು. ಪರಿಶೀಲಿಸಿದ ಹಿರಿಯರು ಆ ದೋಷವನ್ನು ಸರಿಯಾಗಿಯೇ ಗುರುತಿಸಿದರು. ಅದರ ಕೆಳಗೆ ಹೀಗೆ ಬರೆದರು: "ತೋಟ ಇಲ್ಲದವರು ತೋಟದ ಲೆಕ್ಕ ಬರೆಯಲು ಹೊರಟರೆ ಹೀಗೇ ಆಗುವುದು. ಇದು ಮರ ಹತ್ತುವವರ ಮನೆಯ ಯೋಚನೆ."

ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದ ಮಾತು ಅದು. ಅವಳು ಉತ್ತರಿಸಲಿಲ್ಲ, ತಾನು ಸಲ್ಲಿಸಿದ್ದ ಬದಲಾವಣೆಯನ್ನು, ಅಂದರೆ ಪ್ಯಾಚನ್ನು, ಹಿಂದಕ್ಕೆ ತೆಗೆದುಕೊಂಡಳು. ಅವಳ ಸಹಪಾಠಿಯೊಬ್ಬ ಗುಂಪಿನಲ್ಲಿ ಅದರ ಚಿತ್ರ ಹಾಕಿ "ಇದು ಸರಿಯೇ?" ಎಂದು ಕೇಳಿದ. ಬಂದ ಉತ್ತರಗಳಲ್ಲಿ ಹೆಚ್ಚಿನವು ಸಮಾಧಾನದವು. "ಹಿರಿಯರು ಏನೋ ಅಂದರು, ಮುನಿಯಬೇಡ ತಂಗಿ" ಎಂದು ಒಬ್ಬರು ಬರೆದರು. "ಅವರ ಮನಸ್ಸು ಒಳ್ಳೆಯದು" ಎಂದು ಇನ್ನೊಬ್ಬರು. ಆ ವಾರ ಗುಂಪಿನಲ್ಲಿ ನಡೆದ ಮಾತುಕತೆಯನ್ನು ಈಗ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವಳಿಗೆ ಬುದ್ಧಿ ಹೇಳಿದವರು ಹಲವರು, ಆ ಹಿರಿಯರಿಗೆ ಹೇಳಿದವರು ಒಬ್ಬರೂ ಇಲ್ಲ.

ಅದೇ ಹೊತ್ತಿಗೆ ನಾವು ಸಲ್ಲಿಸಿದ್ದ ಒಂದು ಧನಸಹಾಯದ ಅರ್ಜಿಗೆ ಮರುಪ್ರಶ್ನೆ ಬಂತು: ನಿಮ್ಮ ಸಮುದಾಯಕ್ಕೆ ನೀತಿ ಸಂಹಿತೆ ಇದೆಯೇ? ಇದ್ದರೆ ಲಗತ್ತಿಸಿ. ಇರಲಿಲ್ಲ. ಬರೆಯಲು ಕುಳಿತೆವು.

ವಚನದ ಸೂಚನೆ

ಮೊದಲ ಸಭೆಯಲ್ಲಿ ಹಿರಿಯರೇ ಸೂಚನೆ ಮಂಡಿಸಿದರು. ಹೊರಗಿನಿಂದ ಯಾವ ಕರಡೂ ಬೇಡ, ನಮ್ಮಲ್ಲೇ 12ನೇ ಶತಮಾನದಿಂದ ನೀತಿ ಸಂಹಿತೆ ಇದೆ ಎಂದು ಹೇಳಿ ಬಸವಣ್ಣನವರ ವಚನವನ್ನು ಪೂರ್ತಿ ಓದಿದರು: "ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ, ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ, ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ. ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ, ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ." ಓದುವಾಗ ಅವರ ದನಿ ನಡುಗಿತು. ಅವರು ಅದನ್ನು ತೋರಿಕೆಗೆ ಓದಲಿಲ್ಲ. ತಾವು ಬರೆದ ಮಾತಿಗೂ ಈ ವಚನಕ್ಕೂ ಇರುವ ದೂರ ಅವರಿಗೆ ಆ ಕ್ಷಣದಲ್ಲಿ ಕಂಡಿರಲಿಲ್ಲ, ಅಷ್ಟೇ.

ಸೂಚನೆ ಕೇಳಿದವರಿಗೆ ಹಿತವಾಯಿತು, ಹಿತವಾಗುವಂಥದ್ದೇ. ಶಾಲೆಯಲ್ಲಿ ಕಲಿತ ಮಾತು, ಎಲ್ಲರಿಗೂ ಬಾಯಿಪಾಠ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆ. ವಚನ ಇಲ್ಲಿಯವರಿಗೆ ಎರವಲು ಮಾತಲ್ಲ. ಕೋಡ್ ಬರೆಯುವ ಬಳಗಕ್ಕೆ ಆ ಏಳು ಬೇಡಗಳು ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ. ಇನ್ನೊಬ್ಬರ ಕೋಡನ್ನು ಹೆಸರು ಹೇಳದೆ ಎತ್ತಿಕೊಳ್ಳಬೇಡ, ಪರೀಕ್ಷಿಸದೆ ಪರೀಕ್ಷಿಸಿದೆ ಎನ್ನಬೇಡ, ಎಲ್ಲರ ದುಡಿಮೆಯನ್ನು ತನ್ನದೆಂದು ಬಣ್ಣಿಸಬೇಡ, ಪರಿಶೀಲನೆಯ ನೆಪದಲ್ಲಿ ಎದುರಿನವರನ್ನು ಹಳಿಯಬೇಡ. ತಂತ್ರಾಂಶ ಲೋಕದ ನೀತಿ ಸಂಹಿತೆಗಳು ಪುಟಗಟ್ಟಲೆ ಹೇಳುವುದರ ದೊಡ್ಡ ಪಾಲು ಇಲ್ಲಿ ಎರಡು ಸಾಲಿನಲ್ಲಿದೆ.

ಮೊದಲ ಆಕ್ಷೇಪ ಭದ್ರಾವತಿಯ ಯುವಕನಿಂದ ಬಂತು. ಪ್ರತಿ ತೆಗೆಯುವ ಭಾಗವನ್ನು ನೋಡಿಕೊಳ್ಳುವವನು, ಮುಸ್ಲಿಂ. "ಏಳೂ ಮಾತಿಗೆ ನನ್ನ ಒಪ್ಪಿಗೆ ಇದೆ ಸರ್. ಆದರೆ ಕೊನೆಯ ಸಾಲಿಗೆ ಸಹಿ ಹಾಕಿದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಸುಳ್ಳು ಹೇಳಬೇಡ ಎನ್ನುವ ವಚನಕ್ಕೇ ಸುಳ್ಳು ಸಹಿ ಹಾಕುವುದು ಹೇಗೆ?" ಎಂದ. ಹಾಗಾದರೆ ಕೊನೆಯ ಸಾಲನ್ನು ಬಿಡೋಣ ಎಂದು ಯಾರೋ ಹೇಳಿದರು. ಹಿರಿಯರು ಒಪ್ಪಲಿಲ್ಲ. ಅಂಕಿತವಿಲ್ಲದ ವಚನ ವಚನವಲ್ಲ ಎಂದರು. ಈ ವಿಷಯದಲ್ಲಿ ನಾನು ಪೂರ್ತಿ ಅವರ ಪಕ್ಷ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಹಾಕಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡದ್ದು, ಆ ಕ್ರಮವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಭಕ್ತರಿಗೆ ಪ್ರಾಣವಾದ ಮಾತನ್ನು ನಮ್ಮ ಅನುಕೂಲಕ್ಕೆ ಕತ್ತರಿಸಿ, ತಂತ್ರಾಂಶದ ಕಡತಕ್ಕೆ ಅಂಟಿಸಿ, ಇದು ಈಗ ಎಲ್ಲರದೂ ಎನ್ನುವುದು ಗೌರವದ ನಡೆಯಲ್ಲ.

ಹೀಗೆ ಇಡೀ ವಚನವನ್ನು ಇಡುವಂತಿಲ್ಲ, ತುಂಡು ಮಾಡಿಯೂ ಇಡುವಂತಿಲ್ಲ ಎಂಬಲ್ಲಿಗೆ ಸಭೆ ನಿಂತಿತು. ಹುಂಚದ ಕಡೆಯ ಜೈನ ಸದಸ್ಯರೊಬ್ಬರು ಜೈನ ಗೃಹಸ್ಥರ ಐದು ವ್ರತಗಳಾದ ಪಂಚಾಣುವ್ರತಗಳನ್ನೂ ಸೇರಿಸಬಹುದಲ್ಲ ಎಂದರು, ಇನ್ನೊಬ್ಬರು ಸಂವಿಧಾನದ ಪ್ರಸ್ತಾವನೆ ಸಾಕು ಎಂದರು. ಕುಪ್ಪಳಿಯ ಕಡೆಯವರು ವಿಶ್ವಮಾನವ ಸಂದೇಶವನ್ನು ನೆನಪಿಸಿದರು. ಎಲ್ಲವೂ ಒಳ್ಳೆಯ ಮಾತೇ, ಆದರೆ ಕೂಡಿಸುತ್ತ ಹೋದರೆ ಪಟ್ಟಿ ಬೆಳೆಯುತ್ತಿತ್ತೇ ಹೊರತು ಪ್ರಶ್ನೆ ಕರಗುತ್ತಿರಲಿಲ್ಲ.

ಈ ದಾರಿಯಲ್ಲಿ ಮೊದಲೇ ನಡೆದವರು

ಆಗ ಎಸ್‌ಕ್ಯೂಎಲೈಟ್ ಚರ್ಚೆಗೆ ಬಂತು. ಡಿ. ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದ ತಂತ್ರಾಂಶ ಅದು. ಅದರ ಕೋಡ್ ಯಾರ ಹಕ್ಕಿಗೂ ಒಳಪಡದೆ ಸಾರ್ವಜನಿಕರದ್ದಾಗಿದೆ. ಕಡತಗಳ ತಲೆಯಲ್ಲಿ ಪರವಾನಗಿಯ ಒಕ್ಕಣೆ ಇರಬೇಕಾದ ಜಾಗದಲ್ಲಿ ಒಂದು ಹಾರೈಕೆ ಇದೆ: ನೀವು ಒಳ್ಳೆಯದನ್ನು ಮಾಡಿ, ಕೆಟ್ಟದ್ದನ್ನಲ್ಲ, ನಿಮಗೆ ಕ್ಷಮೆ ಸಿಗಲಿ, ನೀವೂ ಇತರರನ್ನು ಕ್ಷಮಿಸಿ, ಧಾರಾಳವಾಗಿ ಹಂಚಿಕೊಳ್ಳಿ, ಕೊಟ್ಟದ್ದಕ್ಕಿಂತ ಹೆಚ್ಚು ಪಡೆಯಬೇಡಿ. ನಾವೆಲ್ಲ ಇಷ್ಟು ವರ್ಷ ಬಳಸುತ್ತಿದ್ದ ತಂತ್ರಾಂಶದ ಒಳಗೆ ಇಂಥ ಮಾತಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ.

ಗ್ರಾಹಕ ಸಂಸ್ಥೆಗಳು ನೀತಿ ಸಂಹಿತೆ ಕೇಳಿದಾಗ ಆ ತಂಡ 2018ರಲ್ಲಿ ಸಂತ ಬೆನೆಡಿಕ್ಟನ ನಿಯಮದ 4ನೇ ಅಧ್ಯಾಯವನ್ನೇ ನೀತಿ ಸಂಹಿತೆಯೆಂದು ಪ್ರಕಟಿಸಿತು. 6ನೇ ಶತಮಾನದಲ್ಲಿ ಇಟಲಿಯ ಮಠವಾಸಿಗಳಿಗಾಗಿ ಬರೆದ ನಿಯಮ ಅದು. ಆ ಅಧ್ಯಾಯದಲ್ಲಿ 70ಕ್ಕೂ ಹೆಚ್ಚು ಉಪದೇಶಗಳಿವೆ. ಮೊದಲನೆಯದೇ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬುದು. ಕೊಲ್ಲಬೇಡ, ಕದಿಯಬೇಡ, ಕೋಪಕ್ಕೆ ಎಡೆಗೊಡಬೇಡ, ಗೊಣಗಬೇಡ, ಬಹಳ ನಿದ್ದೆ ಮಾಡಬೇಡ ಎಂಬವೂ ಇವೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಎಲ್ಲರ ಕಣ್ಣಿಗೆ ಬಿದ್ದು ದೊಡ್ಡ ವಿವಾದವಾಯಿತು. ಕ್ರೈಸ್ತರಲ್ಲದವರು, ನಾಸ್ತಿಕರು ಇದಕ್ಕೆ ಹೇಗೆ ಒಪ್ಪುವುದು ಎಂಬ ಪ್ರಶ್ನೆ ಎದ್ದಿತು. ಆ ಮೇಲೆ ತಂಡ ಅದನ್ನು ನೈತಿಕ ಸಂಹಿತೆ ಎಂದು ಕರೆದು ಉಳಿಸಿಕೊಂಡಿತು, ಸಮುದಾಯದ ನೀತಿ ಸಂಹಿತೆಗೆ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಝಿಲ್ಲಾದ ಮಾರ್ಗಸೂಚಿಯನ್ನು ತೆಗೆದುಕೊಂಡಿತು. ಉಳಿಸಿಕೊಂಡ ಪುಟದಲ್ಲಿ ಒಂದು ವಿವರಣೆ ಇದೆ: ಸ್ಥಾಪಕರೂ ಇದನ್ನು ಬರೆದಾಗ ಇದ್ದ ಅಭಿವೃದ್ಧಿಗಾರರೂ ಈ ನಿಯಮದ ಆಶಯದಂತೆ ನಡೆಯಲು ಮಾತು ಕೊಟ್ಟಿದ್ದಾರೆ, ಬೇರೆಯವರು ಇದನ್ನು ಪಾಲಿಸಬೇಕಿಲ್ಲ, ತಿಳಿದಿರಬೇಕಿಲ್ಲ, ಒಳ್ಳೆಯದೆಂದು ಭಾವಿಸಬೇಕೂ ಇಲ್ಲ.

ಆ ವಿವರಣೆಯಲ್ಲಿ ನಮಗೆ ಬೇಕಾದ ಒಂದು ವ್ಯತ್ಯಾಸವಿತ್ತು. ಎಸ್‌ಕ್ಯೂಎಲೈಟ್ ತಂಡ ತೀರಾ ಚಿಕ್ಕದು, ಹೊರಗಿನವರ ಕೋಡನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಂಥವರು ತಮ್ಮ ನಂಬಿಕೆಯನ್ನು ತಾವೇ ಹೊತ್ತ ವ್ರತದಂತೆ ಬರೆದಿಡಬಹುದು. ಬಾಗಿಲು ತೆರೆದಿಟ್ಟು ಯಾರು ಬೇಕಾದರೂ ಬನ್ನಿ ಎಂದು ಕರೆಯುವ ನಮ್ಮಂಥ ಬಳಗ, ಬಂದವರ ತಲೆಯ ಮೇಲೆ ತನ್ನ ವ್ರತವನ್ನು ಹೊರಿಸುವಂತಿಲ್ಲ.

ಅವಳ ಪ್ರಶ್ನೆ

ಎರಡನೆಯ ಸಭೆಗೆ ವಿದ್ಯಾರ್ಥಿನಿ ಬಂದಳು. ಅವಳನ್ನು ಕರೆತಂದವರು ಸಾಗರದ ಶಿಕ್ಷಕಿ, ನಮ್ಮ ಅನುವಾದದ ಕೆಲಸ ನೋಡಿಕೊಳ್ಳುವವರು, ಕ್ಯಾಥೊಲಿಕ್. "ನೀನು ಬಾರದೆ ಈ ನಿಯಮ ಬರೆದರೆ ಅದು ನಿನ್ನ ಮೇಲೆ ಬರೆದ ನಿಯಮ ಆಗುತ್ತದೆ, ಬಾ" ಎಂದು ಹೇಳಿ ಕರೆದುಕೊಂಡು ಬಂದಿದ್ದರಂತೆ.

ಚರ್ಚೆ ಇನ್ನೂ ಅಂಕಿತದ ಸುತ್ತಲೇ ಸುತ್ತುತ್ತಿತ್ತು. ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಹಿರಿಯರ ಕಡೆ ತಿರುಗಿ ಹೇಳಿದಳು: "ಸರ್, ಈ ವಚನ ನಮ್ಮ ಮನೆಯ ಗೋಡೆಯ ಮೇಲೂ ಇದೆ. ನನಗೆ ಕೊನೆಯ ಸಾಲಿನ ತೊಂದರೆ ಇಲ್ಲ. ನೀವು ಆ ಮಾತು ಬರೆದ ಮೇಲೆ ಗುಂಪಿನಲ್ಲಿ ಎಲ್ಲರೂ ನನಗೆ ಮುನಿಯಬೇಡ ಎಂದರು. ಅದೂ ಇದೇ ವಚನದ ಮಾತೇ. ಇದಿರ ಹಳಿಯಲು ಬೇಡ ಎಂದು ನಿಮಗೆ ಯಾರು ಹೇಳಿದರು? ನಾಳೆ ಈ ವಚನವೇ ನಿಯಮವಾದರೆ, ಯಾರಿಗೆ ಯಾವ ಸಾಲು ಅನ್ವಯ ಎಂದು ತೀರ್ಮಾನಿಸುವವರು ಯಾರು?"

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅವಳ ಈ ಪ್ರಶ್ನೆಯೇ. ನಾವು ಅಲ್ಲಿಯವರೆಗೆ ಧರ್ಮದ ಮಾತು ನಿಯಮದಲ್ಲಿ ಬಂದರೆ ಅನ್ಯಧರ್ಮೀಯರಿಗೆ ಏನಾಗುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೆವು. ಅದೇ ಧರ್ಮದ ಒಳಗಿನವಳಿಗೆ, ಆ ವಚನವನ್ನು ಪ್ರೀತಿಸುವವಳಿಗೆ ಏನಾಗುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಧರ್ಮಬೋಧೆ ಮನುಷ್ಯನೊಬ್ಬನ ಒಳಗನ್ನು ಉದ್ದೇಶಿಸಿ ಹೇಳಿದ್ದು. ನೀನು ಹೀಗಿರು, ನೀನು ಹೀಗೆ ಮಾಡಬೇಡ ಎಂದು ಹೇಳುತ್ತದೆ. ಕೇಳಿದವನು ಅದನ್ನು ತನಗೆ ಹೇಳಿಕೊಂಡಾಗ ಅದರಷ್ಟು ಬಲವಾದದ್ದು ಬೇರೆ ಇಲ್ಲ. ಅದನ್ನೇ ಅಧಿಕಾರ ಇರುವವರು ಇಲ್ಲದವರ ಕಡೆಗೆ ತಿರುಗಿಸಿದರೆ, ಸಹನೆಯನ್ನು ಕಲಿಸುವ ಸಾಲುಗಳೆಲ್ಲ ನೊಂದವರ ಪಾಲಿಗೆ ಬೀಳುತ್ತವೆ, ಅಹಂಕಾರವನ್ನು ತಿದ್ದುವ ಸಾಲುಗಳು ಗೋಡೆಯ ಮೇಲೇ ಉಳಿಯುತ್ತವೆ.

ಬೆನೆಡಿಕ್ಟನ ಪಟ್ಟಿಯಲ್ಲೂ ಇದು ಎದ್ದು ಕಾಣುತ್ತದೆ. ಯಾರಿಗೂ ಅನ್ಯಾಯ ಮಾಡಬೇಡ, ನಿನಗಾದ ಅನ್ಯಾಯವನ್ನು ತಾಳ್ಮೆಯಿಂದ ಸಹಿಸು ಎಂದು ಅಲ್ಲಿ ಒಂದೇ ವಾಕ್ಯದಲ್ಲಿದೆ. ಸ್ವಇಚ್ಛೆಯಿಂದ ಸನ್ಯಾಸ ತೆಗೆದುಕೊಂಡವರಿಗೆ ಅದು ದೊಡ್ಡ ಸಾಧನೆಯ ಮಾತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಪ್ಪನ ಕಸುಬನ್ನು ಎತ್ತಿ ಆಡಿದಾಗ ಇಪ್ಪತ್ತರ ಹುಡುಗಿಯ ಕೈಗೆ ಈ ವಾಕ್ಯದ ಎರಡನೆಯ ಅರ್ಧವನ್ನು ಕೊಟ್ಟು ಕಳುಹಿಸುವುದು ಕ್ರೌರ್ಯ.

ಬಿಟ್ಟುಹೋಗಿದ್ದ ಅಧ್ಯಾಯಗಳು

ಸಾಗರದ ಶಿಕ್ಷಕಿ ಆ ದಿನ ಬೆನೆಡಿಕ್ಟನ ನಿಯಮದ ಪ್ರತಿಯನ್ನೇ ತಂದಿದ್ದರು. "ತಂತ್ರಾಂಶದವರು ತೆಗೆದುಕೊಂಡದ್ದು ಒಂದು ಅಧ್ಯಾಯ. ಇದರಲ್ಲಿ 73 ಅಧ್ಯಾಯಗಳಿವೆ. ಒಟ್ಟಿಗೆ ಬಾಳುವವರ ನಡುವೆ ತಪ್ಪು ನಡೆದರೆ ಏನು ಮಾಡಬೇಕು ಎಂಬುದು ಬೇರೆ ಕಡೆ ಇದೆ" ಎಂದರು.

3ನೇ ಅಧ್ಯಾಯದಲ್ಲಿ ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ಎಷ್ಟೋ ಸಲ ದೇವರು ಉತ್ತಮವಾದದ್ದನ್ನು ಕಿರಿಯರಿಗೆ ತೋರಿಸುತ್ತಾನೆ ಎಂದಿದೆ. 23ನೇ ಅಧ್ಯಾಯದಿಂದ ತಿದ್ದುವ ಕ್ರಮ ಬರುತ್ತದೆ. ತಪ್ಪಿದವನಿಗೆ ಹಿರಿಯರು ಮೊದಲು ಗುಟ್ಟಾಗಿ ಎರಡು ಸಲ ಹೇಳಬೇಕು. ತಿದ್ದಿಕೊಳ್ಳದಿದ್ದರೆ ಎಲ್ಲರೆದುರು ಹೇಳಬೇಕು. ಆಮೇಲೆ ತಪ್ಪಿನ ತೂಕಕ್ಕೆ ತಕ್ಕಂತೆ ಪಂಕ್ತಿಯಿಂದ, ಪ್ರಾರ್ಥನೆಯಿಂದ ದೂರ ಇಡಬೇಕು. ಹಾಗೆ ದೂರ ಇಟ್ಟವನ ಬಳಿಗೆ ವಿವೇಕಿಗಳಾದ ಹಿರಿಯರನ್ನು ಕಳುಹಿಸಿ ಸಂತೈಸಬೇಕು. ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಹೊರಗೆ ಕಳುಹಿಸಬೇಕು. ಬಿಟ್ಟುಹೋದವನು ತಿದ್ದಿಕೊಳ್ಳುವ ಮಾತು ಕೊಟ್ಟು ಮರಳಿದರೆ ಮೂರು ಸಲದವರೆಗೆ ಸೇರಿಸಿಕೊಳ್ಳಬಹುದು ಎಂದು 29ನೇ ಅಧ್ಯಾಯ ಹೇಳುತ್ತದೆ. ಕೆಲವರಿಗೆ ದೈಹಿಕ ಶಿಕ್ಷೆ ವಿಧಿಸುವ ಮಾತೂ ಅಲ್ಲಿದೆ ಎಂಬುದನ್ನು ಶಿಕ್ಷಕಿ ಮುಚ್ಚಿಡಲಿಲ್ಲ. ಅದನ್ನು ಯಾರೂ ಎತ್ತಿಕೊಳ್ಳಬೇಕಿಲ್ಲ.

ಇದನ್ನು ಕೇಳುತ್ತಿದ್ದಂತೆ ಭದ್ರಾವತಿಯ ಯುವಕ ತನ್ನ ಲ್ಯಾಪ್‌ಟಾಪಿನಲ್ಲಿ ಕಾಂಟ್ರಿಬ್ಯೂಟರ್ ಕವೆನೆಂಟ್ ತೆರೆದ. 2014ರಲ್ಲಿ ಕೋರಲೈನ್ ಅಡಾ ಎಮ್ಕಿ ಬರೆದ, ಇಂದು ಮುಕ್ತ ತಂತ್ರಾಂಶ ಲೋಕದಲ್ಲಿ ಬಹಳ ಹರಡಿರುವ ನೀತಿ ಸಂಹಿತೆ ಅದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನ ಬಳಗ ಕೂಡ 2018ರ ಸೆಪ್ಟೆಂಬರ್‌ನಲ್ಲಿ ಅದರ ಆಧಾರದ ಸಂಹಿತೆಯನ್ನೇ ಒಪ್ಪಿಕೊಂಡಿತು. ಅದರ 2.0 ಆವೃತ್ತಿಯಲ್ಲಿ ಕ್ರಮದ ಮೆಟ್ಟಿಲುಗಳಿವೆ: ಖಾಸಗಿಯಾಗಿ ತಿದ್ದುವುದು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ. 6ನೇ ಶತಮಾನದ ಮಠವೂ 21ನೇ ಶತಮಾನದ ತಂತ್ರಾಂಶ ಸಮುದಾಯವೂ ಹತ್ತಿದ ಮೆಟ್ಟಿಲು ಹೆಚ್ಚುಕಡಿಮೆ ಒಂದೇ. ಅದನ್ನು ನೋಡಿ ನನಗೆ ಅಚ್ಚರಿಗಿಂತ ಸಂತೋಷವೇ ಹೆಚ್ಚಾಯಿತು. ಧರ್ಮದಿಂದ ಪಡೆಯಬಹುದಾದದ್ದು ಸದ್ಗುಣಗಳ ಪಟ್ಟಿ ಮಾತ್ರ ಎಂದು ನಾವು ಭಾವಿಸಿದ್ದೆವು. ಒಂದೇ ಸೂರಿನ ಕೆಳಗೆ ಶತಮಾನಗಳ ಕಾಲ ಬದುಕಿದವರು ಜಗಳವನ್ನು ಹೇಗೆ ತೀರಿಸಿಕೊಂಡರು, ತಪ್ಪಿದವರನ್ನು ಹೇಗೆ ಮರಳಿ ಕರೆದುಕೊಂಡರು ಎಂಬ ಅನುಭವವೂ ಧರ್ಮಗಳ ಬಳಿ ಇದೆ. ಅದನ್ನು ಪಡೆಯಲು ಯಾರೂ ಯಾರ ದೇವರಿಗೂ ಸಹಿ ಹಾಕಬೇಕಿಲ್ಲ.

ಕಾಂಟ್ರಿಬ್ಯೂಟರ್ ಕವೆನೆಂಟ್‌ನ 2.1 ಆವೃತ್ತಿಯಲ್ಲಿ ಇನ್ನೊಂದು ಸಂಗತಿ ಇದೆ. ಯಾವ ಕಾರಣಕ್ಕೂ ಯಾರನ್ನೂ ಕೀಳಾಗಿ ಕಾಣಬಾರದು ಎಂಬ ಪಟ್ಟಿಯಲ್ಲಿ ಧರ್ಮ ಮೊದಲಿನಿಂದಲೂ ಇತ್ತು, 2021ರ ಈ ಆವೃತ್ತಿಯಲ್ಲಿ ಜಾತಿಯೂ ಸೇರಿತು. ನಮ್ಮ ಸಭೆಯಲ್ಲಿ ಅಲ್ಲಿಯವರೆಗೆ ಜಾತಿ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮರ ಹತ್ತುವವರ ಮನೆ ಎಂದರೆ ಏನರ್ಥ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊರಗಿನ ಕರಡು ಬೇಡ ಎಂದು ಶುರುವಾದ ಚರ್ಚೆಯಲ್ಲಿ ನಮ್ಮದೇ ಗಾಯದ ಹೆಸರನ್ನು ಹೊರಗಿನ ಕರಡು ಹೇಳಿಕೊಟ್ಟಿತು.

ಬರೆದದ್ದು

ಕೊನೆಗೆ ಎರಡು ಕಡತಗಳಾದವು. ಮೊದಲನೆಯದು ನಿಯಮ. ಅದರಲ್ಲಿ ದೇವರಿಲ್ಲ, ಅಂತರಂಗವೂ ಇಲ್ಲ. ಕಣ್ಣಿಗೆ ಕಾಣುವ, ಸಾಕ್ಷಿ ಹೇಳಬಹುದಾದ ನಡತೆ ಮಾತ್ರ ಇದೆ. ಪರಿಶೀಲನೆಯಲ್ಲಿ ಕೋಡಿನ ಬಗ್ಗೆ ಬರೆಯಬೇಕು, ಬರೆದವರ ಮನೆತನ, ಜಾತಿ, ಧರ್ಮ, ಕಸುಬು, ಆಸ್ತಿ, ಊರಿನ ಮಾತಿನ ಧಾಟಿ ಇವುಗಳ ಬಗ್ಗೆ ಬರೆಯುವಂತಿಲ್ಲ. ಆಸ್ತಿ ಎಂಬುದನ್ನು ಸೇರಿಸಿದ್ದು ನಾವೇ. ತೋಟ ಇರುವವರು ಇಲ್ಲದವರು ಎಂಬ ಗೆರೆ ಮಲೆನಾಡಿನಲ್ಲಿ ಎಷ್ಟು ಆಳವಾಗಿದೆ ಎಂದು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ. ಸಭೆಯನ್ನು ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಇಡುವಂತಿಲ್ಲ, ಭೂಮಿ ಹುಣ್ಣಿಮೆಯ ದಿನ ಹೊಸ ಆವೃತ್ತಿ ಬಿಡುಗಡೆ ಮಾಡುವಂತಿಲ್ಲ ಎಂಬುದೂ ಇದೆ. ಒಬ್ಬರ ನಂಬಿಕೆಗೆ ಕೊಡುವ ಗೌರವ ಕ್ಯಾಲೆಂಡರಿನಲ್ಲಿ ಕಾಣಬೇಕು.

ದೂರು ಬಂದರೆ ಮೂವರು ಕೇಳಬೇಕು, ಅವರಲ್ಲಿ ಒಬ್ಬರು ಬಳಗದ ಹೊರಗಿನವರಾಗಿರಬೇಕು, ದೂರು ಯಾರ ಮೇಲೋ ಅವರೂ ಅವರ ಬಂಧುಗಳೂ ಆ ಮೂವರಲ್ಲಿ ಇರುವಂತಿಲ್ಲ. ದೂರು ಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. ಮೆಟ್ಟಿಲುಗಳು ಆಗಲೇ ಹೇಳಿದಂಥವೇ. ಹೊರಹೋದವರು ಮರಳುವ ದಾರಿಯನ್ನೂ ಬರೆದೆವು. ಕಾಂಟ್ರಿಬ್ಯೂಟರ್ ಕವೆನೆಂಟ್‌ನ ಮೆಟ್ಟಿಲುಗಳಲ್ಲಿ ಇಲ್ಲದ ಆ ಕಲಮು 29ನೇ ಅಧ್ಯಾಯದಿಂದ ಬಂದದ್ದು.

ಎರಡನೆಯ ಕಡತಕ್ಕೆ ಹೆಚ್ಚು ವಾದವಾಯಿತು. ಅದರಲ್ಲಿ ಬಳಗದ ಯಾವ ಸದಸ್ಯರಾದರೂ ತಾವು ಈ ನಿಯಮವನ್ನು ಪಾಲಿಸುವುದು ಯಾವ ನಂಬಿಕೆಯ ಬಲದಿಂದ ಎಂಬುದನ್ನು ತಮ್ಮ ಹೆಸರಿನಲ್ಲಿ ಬರೆಯಬಹುದು. ಹಿರಿಯರು ವಚನವನ್ನು ಅಂಕಿತ ಸಹಿತ ಪೂರ್ತಿಯಾಗಿ ಬರೆದರು. ಹುಂಚದ ಕಡೆಯವರು ಅಣುವ್ರತಗಳನ್ನು ಬರೆದರು. ಸಂವಿಧಾನದ ಪ್ರಸ್ತಾವನೆಯೂ ಅಲ್ಲಿದೆ. ಭದ್ರಾವತಿಯ ಯುವಕ ಏನನ್ನೂ ಬರೆಯಲಿಲ್ಲ, ನನ್ನ ನಂಬಿಕೆ ನನ್ನಲ್ಲಿರಲಿ ಎಂದ. ಬರೆಯದಿರುವುದಕ್ಕೂ ಅಷ್ಟೇ ಮರ್ಯಾದೆ ಇದೆ ಎಂದು ಕಡತದ ತಲೆಯಲ್ಲಿ ಸೇರಿಸಿದ್ದೇವೆ. ಅದರ ಕೆಳಗೆ ಇನ್ನೊಂದು ವಾಕ್ಯವಿದೆ: "ದೂರಿನ ವಿಚಾರಣೆಯಲ್ಲಿ ಈ ಕಡತದ ಯಾವ ಸಾಲನ್ನೂ ಯಾರೂ ಇನ್ನೊಬ್ಬರಿಗೆ ಹೇಳುವಂತಿಲ್ಲ." ಇದು ವಿದ್ಯಾರ್ಥಿನಿ ಬರೆಸಿದ ವಾಕ್ಯ. ವಚನವನ್ನು ತನಗೆ ತಾನು ಹೇಳಿಕೊಳ್ಳಲು ಯಾರ ಅಡ್ಡಿಯೂ ಇಲ್ಲ, ಎದುರಿನವರ ಬಾಯಿ ಮುಚ್ಚಿಸಲು ಬಳಸುವಂತಿಲ್ಲ. ನಮ್ಮ ಸಂಹಿತೆಯಲ್ಲಿ ಬೇರೆಯವರು ಎತ್ತಿಕೊಳ್ಳಬಹುದಾದ ಒಂದೇ ಒಂದು ಕಲಮು ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಎಲ್ಲರಿಗೂ ಇದು ಸಮ್ಮತವಾಗಲಿಲ್ಲ. ವಚನಕ್ಕೆ ನಿಯಮದ ಸ್ಥಾನ ಸಿಗಲಿಲ್ಲವೆಂದು ಒಬ್ಬರು, ತಂತ್ರಾಂಶದ ತಾಣದಲ್ಲಿ ಧರ್ಮದ ಕಡತ ಇರುವುದೇ ತಪ್ಪೆಂದು ಇನ್ನೊಬ್ಬರು ಬಳಗ ಬಿಟ್ಟರು. ಎರಡನೆಯವರ ಮಾತಿನಲ್ಲಿ ಹುರುಳಿದೆ. ಇಂಥ ಕಡತ ಮುಂದೆ ಯಾರ ಧರ್ಮದ ಮಾತು ಮೇಲಿದೆ, ಯಾರದು ಕೆಳಗಿದೆ ಎಂಬ ಪೈಪೋಟಿಗೆ ಇಳಿಯಬಹುದು. ಸದ್ಯ ಸೇರಿದ ದಿನಾಂಕದ ಕ್ರಮದಲ್ಲಿ ಇಟ್ಟಿದ್ದೇವೆ. ಆದರೂ ಅದನ್ನು ತೆಗೆದುಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಪುಕ್ಕಟೆಯಾಗಿ ದುಡಿಯುವವರನ್ನು ದುಡಿಸುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಿಕೊಳ್ಳಲು ಒಂದು ಜಾಗವೂ ಇಲ್ಲದಿದ್ದರೆ, ನಿಯಮದ ಕಡತ ಬರಿಯ ಕಚೇರಿಯ ಸುತ್ತೋಲೆಯಾಗುತ್ತದೆ.

ಆಮೇಲೆ

ಹಳೆಯ ಮಾತಿನ ಬಗ್ಗೆ ಮೊದಲ ದೂರು ಅವಳದೇ. ಹೊಸ ನಿಯಮ ಹಿಂದಿನ ಘಟನೆಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಬಂದಾಗ, ಅನ್ವಯಿಸಲಿ ಎಂದು ಹಿರಿಯರೇ ಹೇಳಿದರು. ಮೂವರು ಕೇಳಿದರು. ಲಿಖಿತ ಎಚ್ಚರಿಕೆ ಕೊಟ್ಟು, ಆ ಪ್ಯಾಚಿನ ಪರಿಶೀಲನೆಯನ್ನು ಬೇರೆಯವರಿಗೆ ಒಪ್ಪಿಸಿದರು. ಹಿರಿಯರು ಕ್ಷಮೆ ಕೇಳಿ ಬರೆದರು. ಅದು ದೊಡ್ಡ ಪತ್ರವಲ್ಲ. "ಕೋಡಿನ ತಪ್ಪು ಹೇಳುವ ಹಕ್ಕು ನನಗಿತ್ತು, ನಿನ್ನ ಅಪ್ಪನ ಮಾತು ಎತ್ತುವ ಹಕ್ಕು ಇರಲಿಲ್ಲ" ಎಂದಿತ್ತು. "ಓದಿದೆ ಸರ್" ಎಂದು ಅವಳು ಉತ್ತರಿಸಿದಳು. ಕ್ಷಮಿಸಿದೆ ಎಂದು ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಅಧಿಕಾರ ನಮ್ಮ ನಿಯಮದಲ್ಲಿ ಯಾರಿಗೂ ಇಲ್ಲ, ಇರಬಾರದು. ಕೆಲವರಿಗೆ ಇದು ಒಣ ಮುಕ್ತಾಯ ಎನಿಸಿತು. ನನಗೆ ಹಾಗನಿಸಲಿಲ್ಲ. ಕ್ಷಮೆ ಅವಳ ಧರ್ಮಕ್ಕೆ ಸೇರಿದ್ದು, ಬಳಗಕ್ಕೆ ಸೇರಿದ್ದಲ್ಲ.

ದತ್ತಾಂಶದ ದೋಷ ಸರಿಪಡಿಸಿದ ಮೇಲೆ ಕೂಲಿ ಲೆಕ್ಕದ ಪುಟ ತಂತ್ರಾಂಶದಲ್ಲಿ ಸೇರಿತು. ಹಿರಿಯರು ಒಂದು ಸುಗ್ಗಿಯ ಕಾಲ ಪರಿಶೀಲನೆಯಿಂದ ದೂರ ಉಳಿದು ಮತ್ತೆ ಬಂದಿದ್ದಾರೆ. ವಚನವನ್ನು ಅರ್ಥ ಮಾಡಿಕೊಂಡವರಿಗೆ ಈ ಕಲಮುಗಳೆಲ್ಲ ಬೇಕಿಲ್ಲ ಎಂದು ಈಗಲೂ ಹೇಳುತ್ತಾರೆ. ಅರ್ಥ ಮಾಡಿಕೊಂಡವರಿಗೆ ಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ಹೊಸ ತೊಡಕು ಆ ಕೂಲಿ ಪುಟದಿಂದಲೇ ಬಂದಿದೆ. ಈಗ ಕೊನೆಗಾರರು, ಸುಲಿಯುವ ಹೆಂಗಸರು ಕೂಡ ನಮ್ಮ ತಂತ್ರಾಂಶವನ್ನು ತೆರೆಯುತ್ತಾರೆ. ಅವರಿಗೂ ದೂರು ಹೇಳುವ ಹಕ್ಕಿದೆ, ಆದರೆ ದೂರನ್ನು ಲಿಖಿತವಾಗಿ ಕೊಡಬೇಕು ಎಂದು ನಿಯಮದಲ್ಲಿ ಬರೆದಿಟ್ಟಿದ್ದೆವು. ಕಳೆದ ಸಭೆಯಲ್ಲಿ ಅದನ್ನು ತಿದ್ದಿ, ಧ್ವನಿ ಸಂದೇಶವನ್ನೂ ದೂರೆಂದು ಸ್ವೀಕರಿಸಬೇಕು ಎಂದು ಸೇರಿಸಿದೆವು. ಬಂದ ಸಂದೇಶವನ್ನು ಬರಹಕ್ಕಿಳಿಸಿ, ಕಳುಹಿಸಿದವರಿಗೆ ಓದಿ ಕೇಳಿಸಿ, ಒಪ್ಪಿಗೆ ಪಡೆಯುವ ಕೆಲಸವನ್ನು ಸಾಗರದ ಶಿಕ್ಷಕಿ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಅವರ ಜೊತೆಗೆ ಇನ್ನೊಬ್ಬರು ಬೇಕಾಗಿದ್ದಾರೆ.